ಗ್ಯಾಲಕ್ಸಿ ಕೊಂದ ಕಪ್ಪುಕುಳಿ: ಎಫ್‌ಐಆರ್ ಹಾಕುವ ಮುನ್ನ

ಮಳೆಗಾಲ ಶುರುವಾಯಿತೆಂದರೆ ಪೇಪರಿನ ಮೂಲೆಯಲ್ಲೊಂದು ಪುಟ್ಟ ಬಾಕ್ಸ್ ಬರುತ್ತೆ. ಕೆಆರ್‌ಎಸ್ ನೀರಿನ ಮಟ್ಟ, ಒಳಹರಿವು, ಹೊರಹರಿವು. ಮೂರೇ ಅಂಕಿ. ಅದನ್ನು ನೋಡಿ ಮಂಡ್ಯದ ರೈತರು ನಾಟಿಯ ಲೆಕ್ಕ ಹಾಕ್ತಾರೆ, ಬೆಂಗಳೂರಿನವರು ನಲ್ಲಿ ನೀರಿನ ಲೆಕ್ಕ ಹಾಕ್ತಾರೆ. ಹೊರಹರಿವಿನ ಅಂಕಿ ಒಂದನ್ನೇ ನೋಡಿ "ಅಯ್ಯೋ, ಇಷ್ಟೊಂದು ನೀರು ಬಿಡ್ತಿದ್ದಾರೆ, ಡ್ಯಾಮ್ ಖಾಲಿ ಆಗೋಯ್ತು" ಅಂತ ಯಾರೂ ಕೂಗಲ್ಲ. ಒಳಹರಿವು ಎಷ್ಟಿದೆ ಅಂತ ನೋಡದೆ ಹಾಗೆ ಹೇಳೋಕೆ ಬರಲ್ಲ ಅನ್ನೋದು ಎಲ್ಲರಿಗೂ ಗೊತ್ತು.

ಆಕಾಶದ ವಿಷಯ ಬಂದಾಗ ಮಾತ್ರ ಈ ಬುದ್ಧಿ ಎಲ್ಲಿಗೋ ಹೋಗಿಬಿಡುತ್ತೆ. ಕಳೆದ ಕೆಲವು ವರ್ಷಗಳಿಂದ, ಅದರಲ್ಲೂ ಜೇಮ್ಸ್ ವೆಬ್ ಟೆಲಿಸ್ಕೋಪ್ ಕೆಲಸ ಶುರುಮಾಡಿದ ಮೇಲೆ, ಒಂದೇ ಅಚ್ಚಿನ ಸುದ್ದಿ ಮತ್ತೆ ಮತ್ತೆ ಬರ್ತಾ ಇದೆ: ದೈತ್ಯ ಕಪ್ಪುಕುಳಿಯೊಂದು ತನ್ನ ಗ್ಯಾಲಕ್ಸಿಯ ಅನಿಲವನ್ನೆಲ್ಲ ಊದಿ ಹೊರಗಟ್ಟಿತು, ಹೊಸ ನಕ್ಷತ್ರ ಹುಟ್ಟೋದು ನಿಂತುಹೋಯಿತು, ಗ್ಯಾಲಕ್ಸಿ 'ಸತ್ತಿತು'. ವಾಟ್ಸ್ಯಾಪ್ ಗ್ರೂಪಿನಲ್ಲಿ ಬೆಂಕಿ ಇಮೋಜಿ ಹಾಕಿ ಮುಂದಕ್ಕೆ ಕಳಿಸೋಕೆ ಹೇಳಿ ಮಾಡಿಸಿದಂಥ ಸುದ್ದಿ.

ನಮ್ಮ ವಾದ ಇಷ್ಟೇ. ಆ ಸುದ್ದಿ ಸುಳ್ಳಲ್ಲ, ಆದರೆ ಅರ್ಧ. ಅದು ಮೂರು ಅಂಕಿಗಳಲ್ಲಿ ಒಂದನ್ನು ಮಾತ್ರ ಓದುತ್ತೆ. ಭಾರೀ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳ ಹುಟ್ಟು ನಿಲ್ಲೋದಕ್ಕೆ ಅನಿಲದ ಹೊರಹರಿವು ಒಂದು ಕಾರಣ ಇರಬಹುದು. ಆದರೆ ಅದು ನಿಂತೇ ಇರೋದಕ್ಕೆ ಬೇರೆಯದೇ ಕೆಲಸ ಬೇಕು. ಆ ಎರಡನೇ ಕೆಲಸ ನಾವು ಓದುವ ಥರ್ಮೋಡೈನಮಿಕ್ಸ್, ಕಂಟ್ರೋಲ್ ಸಿಸ್ಟಮ್ಸ್ ಪಾಠಗಳಿಗೆ ತುಂಬಾ ಹತ್ತಿರದ್ದು. ಹಾಗಾಗಿ ಇದರ ಬಗ್ಗೆ ಎಂಜಿನಿಯರಿಂಗ್ ಹುಡುಗರು, ಹುಡುಗಿಯರು ಒಂದು ಅಭಿಪ್ರಾಯ ಇಟ್ಟುಕೊಳ್ಳೋದು ತಪ್ಪೇನಲ್ಲ ಅನ್ನೋದು ನಮ್ಮ ನಂಬಿಕೆ.

ಸತ್ತಿದೆ ಅಂದರೆ ಏನು?

ನಕ್ಷತ್ರ ಹುಟ್ಟೋಕೆ ಬೇಕಾದದ್ದು ತಣ್ಣನೆಯ ಅನಿಲ. ತಣ್ಣನೆ ಅಂದರೆ ನಿಜಕ್ಕೂ ತಣ್ಣನೆ, 10 ರಿಂದ 20 ಕೆಲ್ವಿನ್. ಅನಿಲ ಬಿಸಿ ಇದ್ದರೆ ಅದರ ಒತ್ತಡ ಗುರುತ್ವಕ್ಕೆ ಎದುರು ನಿಲ್ಲುತ್ತೆ, ಮೋಡ ಕುಸಿದು ಗಟ್ಟಿಯಾಗಲ್ಲ, ನಕ್ಷತ್ರ ಆಗಲ್ಲ. ಇಡೀ ಕಥೆಯ ಸೂತ್ರ ಇದೇ: ಅನಿಲ ಇದ್ದರೆ ಸಾಲದು, ತಣ್ಣಗೆ ಇರಬೇಕು.

ನಮ್ಮ ಕ್ಷೀರಪಥ ಈಗ ವರ್ಷಕ್ಕೆ ಹೆಚ್ಚುಕಡಿಮೆ ಒಂದರಿಂದ ಎರಡು ಸೂರ್ಯರ ತೂಕದಷ್ಟು ಹೊಸ ನಕ್ಷತ್ರಗಳನ್ನು ಹುಟ್ಟಿಸುತ್ತೆ. ಕ್ಷೀರಪಥದಂಥ ಗ್ಯಾಲಕ್ಸಿಗಳ ಕೈಯಲ್ಲಿರುವ ತಣ್ಣನೆಯ ಅನಿಲ ಇದೇ ವೇಗದಲ್ಲಿ ಖರ್ಚಾದರೆ ನೂರಿನ್ನೂರು ಕೋಟಿ ವರ್ಷಕ್ಕೆ ಮುಗಿದುಹೋಗುತ್ತೆ. ಆದರೆ ಕ್ಷೀರಪಥ ಸಾವಿರ ಕೋಟಿ ವರ್ಷಗಳಿಂದ ನಕ್ಷತ್ರ ಹುಟ್ಟಿಸ್ತಾನೇ ಇದೆ. ಅಂದರೆ ಹೊರಗಿನಿಂದ ಹೊಸ ಅನಿಲ ಬಂದು ಸೇರ್ತಾನೇ ಇದೆ ಅಂತಾಯಿತು. ಒಳಹರಿವು ಇಲ್ಲದೆ ಯಾವ ಗ್ಯಾಲಕ್ಸಿಯೂ ಇಷ್ಟು ಕಾಲ ಬಾಳಲ್ಲ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ಸತ್ತ ಗ್ಯಾಲಕ್ಸಿ. ಭಾರೀ ತೂಕದ ನೀಲಿ ನಕ್ಷತ್ರಗಳು ಬೇಗ ಉರಿದು ಬೇಗ ಸಾಯುತ್ತವೆ, ಕೆಲವೇ ದಶಲಕ್ಷ ವರ್ಷಗಳ ಆಯುಷ್ಯ. ಸಣ್ಣ ಕೆಂಪು ನಕ್ಷತ್ರಗಳು ದೀರ್ಘಾಯುಷಿಗಳು. ಹೊಸ ಹುಟ್ಟು ನಿಂತರೆ ನೀಲಿ ಬಣ್ಣ ಮೊದಲು ಮಾಯ, ಉಳಿಯೋದು ಕೆಂಪು. ಹಾಗಾಗಿ ಸತ್ತ ಗ್ಯಾಲಕ್ಸಿ ಕತ್ತಲಲ್ಲ, ಅದು ವಯಸ್ಸಾದವರಷ್ಟೇ ಉಳಿದಿರುವ ಊರು. ದೀಪ ಉರಿಯುತ್ತೆ, ತೊಟ್ಟಿಲು ತೂಗಲ್ಲ.

ವಿಚಿತ್ರ ಏನಂದರೆ, ಇವತ್ತಿನ ವಿಶ್ವದಲ್ಲಿ ಅತಿ ಭಾರದ ಗ್ಯಾಲಕ್ಸಿಗಳೇ ಬಹುಪಾಲು ಹೀಗೆ ನಿಂತುಹೋಗಿರೋದು. ಯಾರ ಗುರುತ್ವ ಹೆಚ್ಚೋ ಅವರು ಹೆಚ್ಚು ಅನಿಲ ಎಳೆದುಕೊಂಡು ಹೆಚ್ಚು ನಕ್ಷತ್ರ ಮಾಡಬೇಕಿತ್ತಲ್ವಾ? ಹಾಗಾಗಿಲ್ಲ. ಅತ್ಯಂತ ದಕ್ಷ ಅನ್ನಿಸಿಕೊಂಡ ಗ್ಯಾಲಕ್ಸಿಗಳೂ ತಮ್ಮ ಪಾಲಿನ ಸಾಮಾನ್ಯ ದ್ರವ್ಯದಲ್ಲಿ ಸುಮಾರು ಐದನೇ ಒಂದು ಭಾಗವನ್ನಷ್ಟೇ ನಕ್ಷತ್ರ ಮಾಡಿವೆ. ಅದಕ್ಕಿಂತ ದೊಡ್ಡವು ಇನ್ನೂ ಕಡಿಮೆ. ಯಾರೋ ಬ್ರೇಕ್ ಹಾಕ್ತಿದ್ದಾರೆ.

ಆರೋಪಿ ನಂಬರ್ ಒನ್

ಸಣ್ಣ ಗ್ಯಾಲಕ್ಸಿಗಳಲ್ಲಿ ಬ್ರೇಕ್ ಯಾರು ಅಂತ ಹುಡುಕೋದು ಕಷ್ಟವಲ್ಲ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎಂ82 ಅನ್ನೋ ಗ್ಯಾಲಕ್ಸಿ ಇದೆ. ಅದರ ನಡುಭಾಗದಲ್ಲಿ ನಕ್ಷತ್ರಗಳು ಭರಾಟೆಯಿಂದ ಹುಟ್ಟುತ್ತಿವೆ, ಅಷ್ಟೇ ಭರಾಟೆಯಿಂದ ಸೂಪರ್‌ನೋವಾ ಆಗಿ ಸಿಡಿಯುತ್ತಿವೆ. ಆ ಸಿಡಿತದ ಹೊಡೆತಕ್ಕೆ ಅನಿಲ ತಟ್ಟೆಯ ಮೇಲಕ್ಕೂ ಕೆಳಕ್ಕೂ ಚಿಮ್ಮೋದು ಫೋಟೋಗಳಲ್ಲಿ ಕೆಂಪಗೆ ಚೆನ್ನಾಗಿ ಕಾಣುತ್ತೆ.

ಭಾರೀ ಗ್ಯಾಲಕ್ಸಿಗಳಲ್ಲಿ ಈ ಆಟ ನಡೆಯಲ್ಲ. ಅಲ್ಲಿ ಗುರುತ್ವದ ಬಾವಿ ಆಳ, ಸೂಪರ್‌ನೋವಾ ಎತ್ತಿ ಎಸೆದ ಅನಿಲ ಮತ್ತೆ ಬಾವಿಗೇ ಬೀಳುತ್ತೆ. ಅದಕ್ಕಿಂತ ಬಲಶಾಲಿ ಯಾರಾದರೂ ಬೇಕು. ಎಲ್ಲರ ಕಣ್ಣು ನಡುಮನೆಯಲ್ಲಿ ಕೂತಿರುವ ಕಪ್ಪುಕುಳಿಯ ಮೇಲೆ ಬೀಳೋದು ಆಗ.

ಮೊದಲ ನೋಟಕ್ಕೆ ಈ ಆರೋಪ ನಗೆ ತರಿಸುತ್ತೆ. 100 ಕೋಟಿ ಸೂರ್ಯರ ತೂಕದ ಕಪ್ಪುಕುಳಿಯ ತ್ರಿಜ್ಯ ಸುಮಾರು 300 ಕೋಟಿ ಕಿ.ಮೀ., ಯುರೇನಸ್ ಕಕ್ಷೆಯ ಆಸುಪಾಸು. ಅದು ಕೂತಿರುವ ಗ್ಯಾಲಕ್ಸಿಯ ಅಗಲ ಒಂದು ಲಕ್ಷ ಜ್ಯೋತಿರ್ವರ್ಷ ಅಂತಿಟ್ಟುಕೊಳ್ಳಿ. ಇವೆರಡರ ಪ್ರಮಾಣ ಇಡೀ ಭೂಮಿ ಮತ್ತು ಒಂದು ಕ್ರಿಕೆಟ್ ಚೆಂಡಿನ ಪ್ರಮಾಣ. ಭೂಮಿಯ ಕೇಂದ್ರದಲ್ಲಿರುವ ಒಂದು ಚೆಂಡು ಇಡೀ ಭೂಮಿಯ ಹವಾಮಾನ ಬದಲಿಸುತ್ತೆ ಅಂದರೆ ಯಾರು ನಂಬ್ತಾರೆ?

ಗಾತ್ರದ ಲೆಕ್ಕ ಬಿಟ್ಟು ಶಕ್ತಿಯ ಲೆಕ್ಕ ಹಾಕಿ. ಹೈಡ್ರೋಜನ್ ಹೀಲಿಯಂ ಆಗುವಾಗ ಅದರ ದ್ರವ್ಯರಾಶಿಯ ಶೇ. 0.7 ಶಕ್ತಿಯಾಗುತ್ತೆ, ಸೂರ್ಯ ಬದುಕಿರೋದೇ ಅದರಿಂದ. ಕಪ್ಪುಕುಳಿಗೆ ಬೀಳುವ ದ್ರವ್ಯದಲ್ಲಿ ಸುಮಾರು ಶೇ. 10ರಷ್ಟು ಬೀಳುವ ದಾರಿಯಲ್ಲೇ ಶಕ್ತಿಯಾಗಿ ಹೊರಬರುತ್ತೆ. ಹಾಗೆ 100 ಕೋಟಿ ಸೂರ್ಯರ ತೂಕಕ್ಕೆ ಬೆಳೆಯುವಷ್ಟರಲ್ಲಿ ಆ ಕಪ್ಪುಕುಳಿ ಹೊರಗೆ ಬಿಟ್ಟ ಶಕ್ತಿ ಸುಮಾರು 10ರ ಘಾತ 55 ಜೌಲ್‌ನ ಎರಡರಷ್ಟು. ಈಗ ಗ್ಯಾಲಕ್ಸಿ ಕಡೆ ಬನ್ನಿ. 50,000 ಕೋಟಿ ಸೂರ್ಯರ ತೂಕ, ನಕ್ಷತ್ರಗಳ ವೇಗ ಸೆಕೆಂಡಿಗೆ 300 ಕಿ.ಮೀ. ಅಂತ ಹಿಡಿದರೆ, ಇಡೀ ಗ್ಯಾಲಕ್ಸಿಯನ್ನು ಕಟ್ಟಿಹಾಕಿರುವ ಶಕ್ತಿ ಸುಮಾರು 10ರ ಘಾತ 53 ಜೌಲ್. ಕ್ಯಾಲ್ಕುಲೇಟರ್ ತಗೊಂಡು ನೀವೇ ಒಮ್ಮೆ ಒತ್ತಿ ನೋಡಿ, ಎರಡು ನಿಮಿಷದ ಕೆಲಸ. ಕಪ್ಪುಕುಳಿಯ ಶಕ್ತಿ ಇನ್ನೂರು ಪಟ್ಟು ಜಾಸ್ತಿ. ಅದರ ಅರ್ಧ ಪರ್ಸೆಂಟ್ ಸುತ್ತಲಿನ ಅನಿಲಕ್ಕೆ ತಾಗಿದರೂ ಸಾಕು.

1998ರಲ್ಲಿ ಜೋಸೆಫ್ ಸಿಲ್ಕ್ ಮತ್ತು ಮಾರ್ಟಿನ್ ರೀಸ್ ಇಂಥದ್ದೇ ವಾದ ಮುಂದಿಟ್ಟರು: ಕಪ್ಪುಕುಳಿ ಒಂದು ಮಟ್ಟಕ್ಕೆ ಬೆಳೆದಾಗ ತನ್ನ ಊಟದ ತಟ್ಟೆಯನ್ನು ತಾನೇ ಊದಿ ಚೆಲ್ಲುತ್ತೆ. 2000ದಲ್ಲಿ ಎರಡು ತಂಡಗಳು ಕಪ್ಪುಕುಳಿಯ ತೂಕಕ್ಕೂ ಗ್ಯಾಲಕ್ಸಿಯ ನಡುಭಾಗದ ನಕ್ಷತ್ರಗಳ ವೇಗಕ್ಕೂ ಬಿಗಿಯಾದ ಸಂಬಂಧ ಇದೆ ಅಂತ ತೋರಿಸಿದವು. ಆರೋಪಿಗೆ ಶಕ್ತಿಯೂ ಇದೆ, ಸಂಬಂಧವೂ ಇದೆ. ಇನ್ನು ಬೇಕಾದ್ದು ಸಾಕ್ಷಿ.

ಸೋಡಿಯಂ ದೀಪ ಹೇಳಿದ ಸಾಕ್ಷಿ

ಸಾಕ್ಷಿ ಸಿಕ್ಕಿದೆ, ಅದನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ. ಸುಮಾರು 60 ಕೋಟಿ ಜ್ಯೋತಿರ್ವರ್ಷ ದೂರದ ಮಾರ್ಕೇರಿಯನ್ 231ರಲ್ಲಿ ಹಸಿದ ಕಪ್ಪುಕುಳಿಯೊಂದು ಧಗಧಗ ಉರಿಯುತ್ತಿದೆ. 2010ರಲ್ಲಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಮೇಲಿನ ರೇಡಿಯೋ ಡಿಶ್‌ಗಳಿಂದ ಅಲ್ಲಿನ ಕಾರ್ಬನ್ ಮಾನಾಕ್ಸೈಡನ್ನು ಅಳೆದಾಗ, ವರ್ಷಕ್ಕೆ ಸುಮಾರು 700 ಸೂರ್ಯರ ತೂಕದ ಅನಿಲ ಹೊರಗೆ ನುಗ್ಗುತ್ತಿರೋದು ಕಂಡಿತು. ಅಲ್ಲಿ ವರ್ಷಕ್ಕೆ ಹುಟ್ಟುವ ನಕ್ಷತ್ರಗಳ ತೂಕ ಸುಮಾರು 200 ಸೂರ್ಯರಷ್ಟು. ಹೊರಹರಿವು ಬಳಕೆಗಿಂತ ಮೂರು ಪಟ್ಟು ಹೆಚ್ಚು. ಹೀಗೇ ನಡೆದರೆ ಒಂದು ಕೋಟಿ ವರ್ಷದೊಳಗೆ ಅಂಗಳ ಖಾಲಿ. ಗ್ಯಾಲಕ್ಸಿಯ ಆಯುಷ್ಯದಲ್ಲಿ ಅದು ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು.

2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಸಾಕ್ಷಿ ನಮಗೆ ಇನ್ನೂ ಹತ್ತಿರದ್ದು. ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬಿನಲ್ಲಿ ನ್ಯೂಟನ್ಸ್ ರಿಂಗ್ಸ್ ಪ್ರಯೋಗಕ್ಕೆ ಹಚ್ಚುವ ಹಳದಿ ದೀಪ ನೆನಪಿದೆಯಲ್ಲ? ಸೋಡಿಯಂ ದೀಪ, 589 ನ್ಯಾನೋಮೀಟರ್. ಅದೇ ಗೆರೆಯನ್ನು ಸಿರಿಯೋ ಬೆಲ್ಲಿ ಅವರ ತಂಡ ವೆಬ್ ಟೆಲಿಸ್ಕೋಪ್ ಬಳಸಿ ಕಾಸ್ಮಾಸ್-11142 ಅನ್ನೋ ಗ್ಯಾಲಕ್ಸಿಯ ಬೆಳಕಿನಲ್ಲಿ ಹುಡುಕಿತು. ಆ ಬೆಳಕು ಹೊರಟದ್ದು ಸುಮಾರು 1,100 ಕೋಟಿ ವರ್ಷಗಳ ಹಿಂದೆ. ವಿಶ್ವ ಹಿಗ್ಗಿದ್ದರಿಂದ 589 ಇದ್ದದ್ದು 2,030 ನ್ಯಾನೋಮೀಟರ್ ಆಸುಪಾಸಿಗೆ ಹಿಗ್ಗಿ ಇನ್‌ಫ್ರಾರೆಡ್‌ಗೆ ಬಂದಿದೆ.

ಸೋಡಿಯಂ ಯಾಕೆ ಅಂದರೆ, ಅದರ ಹೊರಗಿನ ಎಲೆಕ್ಟ್ರಾನನ್ನು ಕಿತ್ತುಹಾಕೋಕೆ 5.1 ಎಲೆಕ್ಟ್ರಾನ್‌ವೋಲ್ಟ್ ಸಾಕು. ಸ್ವಲ್ಪ ಜೋರು ಬೆಳಕು ಬಿದ್ದರೂ ಅದು ಅಯಾನು ಆಗಿಬಿಡುತ್ತೆ. ಆದ್ದರಿಂದ ಇಡಿಯಾದ ಸೋಡಿಯಂ ಪರಮಾಣು ಕಂಡಿತೆಂದರೆ ಅಲ್ಲಿ ತಂಪಾದ, ಬೆಳಕಿನಿಂದ ಮರೆಯಾದ ಅನಿಲ ಇದೆ ಅಂತ ಅರ್ಥ. ನಕ್ಷತ್ರಕ್ಕೆ ಬೇಕಾಗಿದ್ದ ಕಚ್ಚಾ ಮಾಲು ಅದೇ ತಾನೇ? ಅದು ನಮ್ಮ ಕಡೆಗೆ, ಅಂದರೆ ಗ್ಯಾಲಕ್ಸಿಯಿಂದ ಹೊರಕ್ಕೆ, ವರ್ಷಕ್ಕೆ ಸುಮಾರು 35 ಸೂರ್ಯರ ಲೆಕ್ಕದಲ್ಲಿ ಹರೀತಾ ಇತ್ತು. ಅಲ್ಲಿ ಹುಟ್ಟುತ್ತಿದ್ದ ನಕ್ಷತ್ರಗಳು ಅದಕ್ಕಿಂತ ಎಷ್ಟೋ ಕಡಿಮೆ. ಅದಕ್ಕೂ ಮುಂಚಿನ ಅಳತೆಗಳು ಹೆಚ್ಚಾಗಿ ಬಿಸಿಯಾದ, ಅಯಾನು ಆದ ಅನಿಲವನ್ನು ಹಿಡಿಯುತ್ತಿದ್ದವು, ಅದರ ಪ್ರಮಾಣ ಕಡಿಮೆ ಇರ್ತಿತ್ತು. ನಿಜವಾದ ತೂಕ ತಂಪು ಅನಿಲದಲ್ಲಿದೆ ಅನ್ನೋದು ದೊಡ್ಡ ಹೆಜ್ಜೆ.

ಹಾಗಾದರೆ ತಕರಾರು ಏನು?

ನಮ್ಮ ತಕರಾರು ನಾಲ್ಕು.

ಮೊದಲನೆಯದು ಅಳತೆಯದ್ದು. ಹೊರಹರಿವಿನ ದರ ಅಂದರೆ ಅನಿಲದ ತೂಕವನ್ನು ವೇಗದಿಂದ ಗುಣಿಸಿ, ಅದು ಹರಡಿರುವ ದೂರದಿಂದ ಭಾಗಿಸಿದ್ದು. ವೇಗ ಡಾಪ್ಲರ್‌ನಿಂದ ಚೆನ್ನಾಗಿ ಸಿಗುತ್ತೆ. ತೂಕ ಹಾಗಲ್ಲ. ಸೋಡಿಯಂ ಅತ್ಯಲ್ಪ ಧಾತು, ಅದರಿಂದ ಒಟ್ಟು ಹೈಡ್ರೋಜನ್ ಎಷ್ಟು ಅಂತ ಊಹಿಸಬೇಕು. ಎಷ್ಟು ಸೋಡಿಯಂ ಅಯಾನು ಆಗಿದೆ, ಎಷ್ಟು ಧೂಳಿನಲ್ಲಿ ಸಿಕ್ಕಿಕೊಂಡಿದೆ ಅನ್ನೋದನ್ನೂ ಊಹಿಸಬೇಕು. ದೂರವೂ ಎಷ್ಟೋ ಸಲ ಊಹೆಯೇ. ಮೂರು ಊಹೆ ಗುಣಿಸಿದರೆ ಉತ್ತರ ಹಲವು ಪಟ್ಟು ಆಚೀಚೆ ಹೋಗಬಹುದು. ಸಂಶೋಧನಾ ಲೇಖನ ಇದನ್ನು ಹೇಳುತ್ತೆ, ಹೆಡ್‌ಲೈನ್ ಹೇಳಲ್ಲ.

ಎರಡನೆಯದು, ಹೊರಟವರೆಲ್ಲ ಊರು ಬಿಟ್ಟರು ಅಂತಲ್ಲ. ಕ್ಷೀರಪಥದಲ್ಲಿ ಸೂರ್ಯನ ಬಳಿಯಿಂದ ತಪ್ಪಿಸಿಕೊಳ್ಳೋಕೆ ಸೆಕೆಂಡಿಗೆ ಸುಮಾರು 550 ಕಿ.ಮೀ. ವೇಗ ಬೇಕು. ಭಾರೀ ಗ್ಯಾಲಕ್ಸಿಗಳ ನಡುಭಾಗದಿಂದ ಹೊರಡಬೇಕಾದರೆ ಇನ್ನೂ ಹೆಚ್ಚು. ಕೆಲವು ನೂರು ಕಿ.ಮೀ. ವೇಗದ ಅನಿಲ ಮೇಲಕ್ಕೆ ಹಾರಿ, ಕೋಟ್ಯಂತರ ವರ್ಷಗಳ ನಂತರ ಕಾರಂಜಿಯ ನೀರಿನಂತೆ ವಾಪಸ್ ಬೀಳಬಹುದು. ಆಗ ಅದು ಹೊರಹರಿವು ಹೌದು, ಖಾಲಿಯಾಗೋದು ಅಲ್ಲ.

ಮೂರನೆಯದು ನಮ್ಮ ಮನೆಯದೇ ಉದಾಹರಣೆ. 2010ರಲ್ಲಿ ಫರ್ಮಿ ಉಪಗ್ರಹದ ಗಾಮಾ ಕಿರಣಗಳ ಮಾಹಿತಿಯಲ್ಲಿ ಕ್ಷೀರಪಥದ ತಟ್ಟೆಯ ಮೇಲೆ, ಕೆಳಗೆ ತಲಾ 25 ಸಾವಿರ ಜ್ಯೋತಿರ್ವರ್ಷ ಎತ್ತರದ ಎರಡು ಗುಳ್ಳೆಗಳು ಕಂಡವು. ನಮ್ಮ ಗ್ಯಾಲಕ್ಸಿಯ ನಡುವಿನಲ್ಲಿ ಹಿಂದೆಂದೋ ಜೋರು ಸ್ಫೋಟ ಆಗಿತ್ತು ಅನ್ನೋದರ ಗುರುತು. ಅದು ಕಪ್ಪುಕುಳಿಯದ್ದೋ ನಕ್ಷತ್ರಗಳದ್ದೋ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಕ್ಷೀರಪಥ ಸತ್ತಿಲ್ಲ, ನಾವೇ ಸಾಕ್ಷಿ. ಹೊರಹರಿವು ಆದ ಮಾತ್ರಕ್ಕೆ ಸಾವು ಅಂತಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿ. 2015ರಲ್ಲಿ ಯಿಂಗ್‌ಜೀ ಪೆಂಗ್, ರಾಬರ್ಟೊ ಮೈಯೊಲಿನೊ ಮತ್ತು ರೇಚಲ್ ಕಾಕ್ರೇನ್ ಒಂದು ಜಾಣ ಪರೀಕ್ಷೆ ಮಾಡಿದರು. ಗ್ಯಾಲಕ್ಸಿಯ ಅನಿಲವನ್ನು ಯಾರೋ ಒಮ್ಮೆಲೇ ಕಿತ್ತುಕೊಂಡರೆ, ನಕ್ಷತ್ರಗಳಲ್ಲಿನ ಲೋಹದ ಪ್ರಮಾಣ ಅಲ್ಲಿಗೇ ನಿಂತುಬಿಡುತ್ತೆ. ಬದಲಿಗೆ ಒಳಹರಿವು ಮಾತ್ರ ನಿಂತರೆ, ಒಳಗೆ ಉಳಿದ ಅನಿಲದಲ್ಲಿ ಇನ್ನೂ ಕೆಲವು ತಲೆಮಾರು ನಕ್ಷತ್ರಗಳು ಹುಟ್ಟಿ ಸತ್ತು, ಲೋಹದ ಪ್ರಮಾಣ ಏರುತ್ತಾ ಹೋಗುತ್ತೆ. ಹೊಸ ನೀರು ಬರದ ಕೆರೆ ಬತ್ತುತ್ತಾ ಉಪ್ಪಾಗುವ ಹಾಗೆ. 26 ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳನ್ನು ನೋಡಿದಾಗ ಸತ್ತವುಗಳಲ್ಲಿ ಲೋಹ ಸ್ಪಷ್ಟವಾಗಿ ಹೆಚ್ಚಿತ್ತು. ಅಂದರೆ ಬಹುಪಾಲು ಸಾವು ಸುಮಾರು 400 ಕೋಟಿ ವರ್ಷ ಹಿಡಿದ ಉಪವಾಸ, ಒಂದೇ ಏಟಿನ ಕೊಲೆ ಅಲ್ಲ. ಈ ತೀರ್ಮಾನ ಗಟ್ಟಿಯಾಗಿ ನಿಲ್ಲೋದು 10,000 ಕೋಟಿ ಸೂರ್ಯರ ತೂಕಕ್ಕಿಂತ ಕೆಳಗಿನ ಗ್ಯಾಲಕ್ಸಿಗಳಿಗೆ ಅನ್ನೋದನ್ನೂ ಹೇಳಲೇಬೇಕು. ಅತಿ ಭಾರದವುಗಳ ವಿಷಯದಲ್ಲಿ ಕೇಸ್ ಇನ್ನೂ ಓಪನ್.

ಕೊಲ್ಲೋದು ಸುಲಭ, ಏಳದಂತೆ ನೋಡಿಕೊಳ್ಳೋದು ಕಷ್ಟ

ಭಾರೀ ಗ್ಯಾಲಕ್ಸಿಗಳ ನಿಜವಾದ ಸಮಸ್ಯೆ ಇಲ್ಲಿದೆ. ಒಮ್ಮೆ ಅನಿಲವನ್ನೆಲ್ಲ ಗುಡಿಸಿ ಹಾಕಿದಿರಿ ಅಂತಿಟ್ಟುಕೊಳ್ಳಿ. ಸುತ್ತಲೂ ಅಪಾರ ಬಿಸಿ ಅನಿಲ ಇದ್ದೇ ಇದೆ. ಅದು ಎಕ್ಸ್-ರೇ ಬೀರುತ್ತಾ ತಣ್ಣಗಾಗಿ ಮತ್ತೆ ಒಳಗೆ ಸುರಿಯಬೇಕು. ಸತ್ತ ಗ್ಯಾಲಕ್ಸಿ ಮತ್ತೆ ಏಳಬೇಕು. ಆದರೆ ಏಳ್ತಿಲ್ಲ.

ಪರ್ಸಿಯಸ್ ಗ್ಯಾಲಕ್ಸಿ ಗುಚ್ಛ ಇದಕ್ಕೆ ಕ್ಲಾಸಿಕ್ ಉದಾಹರಣೆ. ದೂರ ಸುಮಾರು 24 ಕೋಟಿ ಜ್ಯೋತಿರ್ವರ್ಷ. ಅದರ ನಡುವಿನ ಅನಿಲದ ತಾಪ ಕೋಟಿಗಟ್ಟಲೆ ಡಿಗ್ರಿ. ಅದು ಸುಮ್ಮನೆ ತಣ್ಣಗಾಗೋಕೆ ಬಿಟ್ಟರೆ ವರ್ಷಕ್ಕೆ ನೂರಾರು ಸೂರ್ಯರಷ್ಟು ಅನಿಲ ನಡುವಿನ ಗ್ಯಾಲಕ್ಸಿಗೆ ಇಳಿಯಬೇಕಿತ್ತು. ಅಷ್ಟು ನಕ್ಷತ್ರ ಅಲ್ಲಿ ಹುಟ್ಟುತ್ತಿಲ್ಲ. 2003ರಲ್ಲಿ ಆಂಡ್ರ್ಯೂ ಫೇಬಿಯನ್ ಅವರ ತಂಡ ಚಂದ್ರಾ ದೂರದರ್ಶಕದ ಚಿತ್ರಗಳಲ್ಲಿ ಉತ್ತರದ ಸುಳಿವು ಕಂಡಿತು. ಕಪ್ಪುಕುಳಿಯ ಜೆಟ್‌ಗಳು ಬಿಸಿ ಅನಿಲದಲ್ಲಿ ಗುಳ್ಳೆ ಊದುತ್ತಿವೆ, ಗುಳ್ಳೆಗಳಿಂದ ಅಲೆಗಳು ಹೊರಟಿವೆ. ಶಬ್ದದ ಅಲೆಗಳೇ. ಒಂದು ಅಲೆಗೂ ಇನ್ನೊಂದಕ್ಕೂ ಸುಮಾರು ಒಂದು ಕೋಟಿ ವರ್ಷದ ಅಂತರ. ಸ್ವರ ಹಿಡಿದರೆ ಅದು ಬಿ-ಫ್ಲ್ಯಾಟ್, ಪಿಯಾನೋದ ಮಧ್ಯದ ಸಿ ಸ್ವರಕ್ಕಿಂತ 57 ಸ್ಥಾಯಿ ಕೆಳಗೆ. ಆ ಶ್ರುತಿಯ ಶಕ್ತಿ ಅನಿಲವನ್ನು ಬೆಚ್ಚಗಿಡುತ್ತೆ.

2016ರಲ್ಲಿ ಜಪಾನಿನ ಹಿಟೋಮಿ ಉಪಗ್ರಹ ಕೆಡುವ ಮುಂಚೆ ಅದೇ ಪರ್ಸಿಯಸ್‌ನ ಅನಿಲ ಎಷ್ಟು ಜೋರಾಗಿ ಕದಡಿದೆ ಅಂತ ಅಳೆಯಿತು. ಸಿಕ್ಕಿದ್ದು ಸೆಕೆಂಡಿಗೆ ಸುಮಾರು 164 ಕಿ.ಮೀ. ಆ ಜಾಗದ ಮಟ್ಟಿಗೆ ಇದು ಪ್ರಶಾಂತ. ಸಣ್ಣ ಉರಿಯಲ್ಲಿ ಹಾಲು ಕಾಯಿಸುವಂಥ ಕೆಲಸ ಅಲ್ಲಿ ನಡೀತಿದೆ.

ಭಾರತದ ಪಾಲೂ ಇದರಲ್ಲಿದೆ. 2020ರಲ್ಲಿ ಒಫಿಯೂಕಸ್ ಗುಚ್ಛದಲ್ಲಿ ಕಂಡ ದೈತ್ಯ ಗುಳ್ಳೆ, ಅದುವರೆಗಿನ ದಾಖಲೆಗಿಂತ ಐದು ಪಟ್ಟು ಹೆಚ್ಚು ಶಕ್ತಿಯದ್ದು. ಅದು ನಿಜವಾಗಿ ಕಪ್ಪುಕುಳಿಯದೇ ಕೆಲಸ ಅಂತ ಖಚಿತವಾಗೋಕೆ ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ ಮಾಹಿತಿಯೂ ಬೇಕಾಯಿತು. ಇನ್ನು ಈ ಬಿಸಿಯ ಹಿಂದಿನ ನಿಯಮ ಹುಡುಕಿದವರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಪ್ರತೀಕ್ ಶರ್ಮಾ ಒಬ್ಬರು. 2012ರಲ್ಲಿ ಅವರೂ ಸಹೋದ್ಯೋಗಿಗಳೂ ತೋರಿಸಿದ್ದು ಸರಳ ಅಳತೆಗೋಲು: ಅನಿಲ ತಣ್ಣಗಾಗೋಕೆ ಹಿಡಿಯುವ ಕಾಲ, ಅದು ಕೆಳಗೆ ಬೀಳೋಕೆ ಹಿಡಿಯುವ ಕಾಲದ ಸುಮಾರು ಹತ್ತು ಪಟ್ಟಿಗಿಂತ ಕೆಳಗಿಳಿದರೆ, ಬಿಸಿ ಅನಿಲದಲ್ಲಿ ತಣ್ಣನೆಯ ಹನಿಗಳು ಕಟ್ಟಿಕೊಳ್ಳುತ್ತವೆ. ಒಂಥರಾ ಮಳೆ. ಆ ಮಳೆ ಕಪ್ಪುಕುಳಿಗೆ ಬೀಳುತ್ತೆ, ಜೆಟ್ ಹೊತ್ತಿಕೊಳ್ಳುತ್ತೆ, ಅನಿಲ ಬಿಸಿಯಾಗುತ್ತೆ, ಮಳೆ ನಿಲ್ಲುತ್ತೆ, ಜೆಟ್ ಆರುತ್ತೆ, ಮತ್ತೆ ತಣ್ಣಗಾಗುತ್ತೆ.

ಇದು ಹಾಸ್ಟೆಲ್ ಗೀಸರ್‌ನ ಥರ್ಮೋಸ್ಟಾಟ್ ಅಲ್ಲದೆ ಮತ್ತೇನು? ಸೆನ್ಸರ್ ಇದೆ, ಹೀಟರ್ ಇದೆ, ಸೆಟ್ ಪಾಯಿಂಟ್ ಇದೆ, ವಿಳಂಬ ಇದೆ. ನೆಗೆಟಿವ್ ಫೀಡ್‌ಬ್ಯಾಕ್‌ಗೆ ಇದಕ್ಕಿಂತ ದೊಡ್ಡ ಉದಾಹರಣೆ ಯಾವ ಟೆಕ್ಸ್ಟ್ ಬುಕ್ಕಿನಲ್ಲೂ ಸಿಗಲ್ಲ.

ಆದ್ದರಿಂದ ನಮ್ಮ ತೀರ್ಪು ಇದು: ಹೊರಹರಿವು ಮೊದಲ ಏಟು ಕೊಟ್ಟಿರಬಹುದು, ಮಾರ್ಕೇರಿಯನ್ 231, ಕಾಸ್ಮಾಸ್-11142 ಅದನ್ನೇ ಹೇಳ್ತಿವೆ. ಆದರೆ ಭಾರೀ ಗ್ಯಾಲಕ್ಸಿಯನ್ನು ಸಾವಿರ ಕೋಟಿ ವರ್ಷ ಮಲಗಿಸಿಟ್ಟಿದ್ದು ಸದ್ದಿಲ್ಲದ ಈ ಮೇಂಟೆನೆನ್ಸ್ ಕೆಲಸ. ಹೆಡ್‌ಲೈನ್ ಮಾತ್ರ ಯಾವಾಗಲೂ ಏಟಿಗೆ, ಮೇಂಟೆನೆನ್ಸಿಗಲ್ಲ. ಕ್ಯಾಂಪಸ್ಸಿನಲ್ಲೂ ಹಾಗೇ ತಾನೇ? ಹೊಸ ಬ್ಲಾಕ್ ಉದ್ಘಾಟನೆಗೆ ಫೋಟೋ ಬರುತ್ತೆ, ಪಂಪ್ ಕೆಡದಂತೆ ನೋಡಿಕೊಂಡವರದ್ದು ಬರಲ್ಲ.

ಉತ್ತರ ಹೊಂದಿಸೋದು ಮತ್ತು ಉತ್ತರ ತಿಳಿಯೋದು

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಪೂರ್ತಿಯಾಗಲ್ಲ. "ಸೂಪರ್ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟ್ ಮಾಡಿ ತೋರಿಸಿದ್ದಾರಲ್ಲ" ಅಂತ ಯಾರಾದರೂ ಕೇಳಬಹುದು. ಹೌದು, ಮಾಡಿದ್ದಾರೆ. ಈಗಲ್ ಮತ್ತು ಇಲ್ಲಸ್ಟ್ರಿಸ್-ಟಿಎನ್‌ಜಿ ಅಂಥ ಎರಡು ಪ್ರಸಿದ್ಧ ಸಿಮ್ಯುಲೇಷನ್‌ಗಳು. ಎರಡರಲ್ಲೂ ಭಾರೀ ಗ್ಯಾಲಕ್ಸಿಗಳು ಕೆಂಪಾಗಿ ಸಾಯುತ್ತವೆ. ಆದರೆ ನೂರಾರು ಜ್ಯೋತಿರ್ವರ್ಷಕ್ಕಿಂತ ಸಣ್ಣದನ್ನು ಅವು ನೋಡಲಾರವು, ಕಪ್ಪುಕುಳಿಯ ಬಾಗಿಲು ಅದಕ್ಕಿಂತ ಎಷ್ಟೋ ಪಟ್ಟು ಚಿಕ್ಕದು. ಹಾಗಾಗಿ ಶಕ್ತಿ ಅನಿಲಕ್ಕೆ ಹೇಗೆ ತಾಗುತ್ತೆ ಅನ್ನೋದನ್ನು ಕೈಯಾರೆ ಬರೆದು ಕೂರಿಸಬೇಕು. ಈಗಲ್‌ನಲ್ಲಿ ಕಪ್ಪುಕುಳಿ ಶಾಖ ಕೊಡುತ್ತೆ. ಟಿಎನ್‌ಜಿಯಲ್ಲಿ ಊಟ ಕಡಿಮೆಯಾದ ಕಪ್ಪುಕುಳಿ ಗಾಳಿ ಬೀಸಿ ತಳ್ಳುತ್ತೆ. ಎರಡು ಬೇರೆ ಯಂತ್ರ, ಉತ್ತರ ಬಹುಮಟ್ಟಿಗೆ ಒಂದೇ. ಯಾಕೆಂದರೆ ಆ ಉತ್ತರ ಬರುವಂತೆಯೇ ಎರಡನ್ನೂ ಟ್ಯೂನ್ ಮಾಡಲಾಗಿದೆ. ಅವರು ಇದನ್ನು ಬಚ್ಚಿಟ್ಟಿಲ್ಲ, ಲೇಖನಗಳಲ್ಲಿ ನೇರವಾಗಿ ಬರೆದಿದ್ದಾರೆ.

ಲ್ಯಾಬಿನಲ್ಲಿ ಒಂದು ಹಳೇ ಜೋಕ್ ಇದೆ: ಸ್ಟ್ಯಾಂಡರ್ಡ್ ವ್ಯಾಲ್ಯೂ ಮೊದಲೇ ಗೊತ್ತಿದ್ದರೆ ರೀಡಿಂಗ್ ತಾನಾಗೇ ಬರುತ್ತೆ. ಸಿಮ್ಯುಲೇಷನ್ ಮಾಡುವವರು ಆ ಥರದವರಲ್ಲ, ಪ್ರಾಮಾಣಿಕರು. ಆದರೆ ಅದನ್ನು ಓದುವ ನಾವು ಒಂದು ವ್ಯತ್ಯಾಸ ಮರೆಯಬಾರದು. ಗ್ರಾಫ್ ಹೊಂದಿಕೊಂಡಿತು ಅಂದರೆ ಕಾರಣ ತಿಳಿಯಿತು ಅಂತಲ್ಲ. ಟ್ಯೂನ್ ಮಾಡದ ಅಂಕಿಯನ್ನು ಮುಂಚಿತವಾಗಿ ಹೇಳಿ ಸರಿ ಬಂದಾಗಲೇ ಮಾಡೆಲ್ ಪಾಸ್. ಅಲ್ಲಿ ಪರೀಕ್ಷೆ ಈಗ ಜೋರಾಗಿ ನಡೀತಿದೆ. ಗ್ಯಾಲಕ್ಸಿಯ ಸುತ್ತ ಎಷ್ಟು ಅನಿಲ ಉಳಿದಿರಬೇಕು ಅನ್ನೋದಕ್ಕೆ ಆ ಎರಡೂ ಬೇರೆ ಬೇರೆ ಉತ್ತರ ಕೊಡುತ್ತವೆ. 2023ರಲ್ಲಿ ವೆಬ್, ವಿಶ್ವಕ್ಕೆ ಕೇವಲ 125 ಕೋಟಿ ವರ್ಷ ವಯಸ್ಸಾಗಿದ್ದಾಗಲೇ ನಿಂತುಹೋಗಿದ್ದ ಜಿಎಸ್-9209 ಅನ್ನೋ ಗ್ಯಾಲಕ್ಸಿಯನ್ನು ಖಚಿತಪಡಿಸಿತು. 2025ರಲ್ಲಿ ವರದಿಯಾದ ಇನ್ನೊಂದು ವಿಶ್ವಕ್ಕೆ 70 ಕೋಟಿ ವರ್ಷ ತುಂಬುವಷ್ಟರಲ್ಲೇ ಸುಮ್ಮನಾಗಿತ್ತು. ಇಷ್ಟು ಬೇಗ, ಇಷ್ಟೊಂದು ಸಾವು ಆಗುತ್ತೆ ಅಂತ ಮಾಡೆಲ್‌ಗಳು ನಿರೀಕ್ಷಿಸಿರಲಿಲ್ಲ.

ಪ್ಲೇಸ್‌ಮೆಂಟಿಗೆ ಬರುತ್ತಾ?

ಬರಲ್ಲ. ಅದನ್ನು ನೇರವಾಗಿ ಹೇಳಿಬಿಡೋಣ. ಆದರೆ ಶಕ್ತಿಯ ಲೆಕ್ಕ, ಫೀಡ್‌ಬ್ಯಾಕ್ ಲೂಪ್, ಊಹೆಗಳ ಮೇಲೆ ನಿಂತ ಅಳತೆ, ಟ್ಯೂನ್ ಮಾಡಿದ ಮಾಡೆಲ್, ಇವೆಲ್ಲ ನಾಳೆ ಬ್ಯಾಟರಿ, ರೋಬೋ, ಮಷಿನ್ ಲರ್ನಿಂಗ್ ಯಾವುದೇ ಕೆಲಸಕ್ಕೆ ಹೋದರೂ ಎದುರಾಗುತ್ತವೆ. ಅಲ್ಲಿ ಡೆಮೋ ಚೆನ್ನಾಗಿ ಓಡಿದ್ದನ್ನು ನೋಡಿ ಚಪ್ಪಾಳೆ ತಟ್ಟುವವರು ಬೇಕಾದಷ್ಟು ಸಿಗ್ತಾರೆ. "ಇದು ಯಾವುದಕ್ಕೆ ಟ್ಯೂನ್ ಆಗಿದೆ?" ಅಂತ ಕೇಳುವವರು ಕಡಿಮೆ.

ನಮ್ಮ ಸಲಹೆ ಎರಡು. ಒಂದು, ಮುಂದಿನ ಸಲ "ಕಪ್ಪುಕುಳಿ ಗ್ಯಾಲಕ್ಸಿ ಕೊಂದಿತು" ಅಂತ ಮೆಸೇಜ್ ಬಂದಾಗ ಮೂರು ಪ್ರಶ್ನೆ ಕೇಳಿ. ಹೊರಟ ಅನಿಲದ ತೂಕ ಹೇಗೆ ಅಳೆದರು? ಅದು ವಾಪಸ್ ಬೀಳದಷ್ಟು ವೇಗ ಇತ್ತಾ? ಹೊಸ ಅನಿಲ ಬರದಂತೆ ತಡೆದದ್ದು ಯಾರು?

ಎರಡು, ಫೈನಲ್ ಇಯರ್ ಪ್ರಾಜೆಕ್ಟಿಗೆ ಪ್ರತಿವರ್ಷ ಮುಖ ಗುರುತಿಸಿ ಹಾಜರಿ ಹಾಕುವ ಸಿಸ್ಟಮ್ ಮಾಡುವವರಿಗೆ ಕೊರತೆಯಿಲ್ಲ. ಈ ಸಲ ಒಂದು ತಂಡವಾದರೂ ಬೇರೆ ದಾರಿ ಹಿಡಿಯಲಿ. ಸ್ಲೋನ್ ಸರ್ವೆಯ ಲಕ್ಷಾಂತರ ಗ್ಯಾಲಕ್ಸಿಗಳ ರೋಹಿತ ಪುಕ್ಕಟೆ ಸಿಗುತ್ತೆ, ಸೋಡಿಯಂ ಗೆರೆ ಎಷ್ಟು ಸರಿದಿದೆ ಅಂತ ಪೈಥಾನ್‌ನಲ್ಲಿ ಅಳೆಯಬಹುದು. ಚಂದ್ರಾದ ಎಕ್ಸ್-ರೇ ಚಿತ್ರಗಳೂ ಸಾರ್ವಜನಿಕ. ಹೊಸ ನಕ್ಷತ್ರಗಳು ಇನ್ನೂ ಹುಟ್ಟುತ್ತಿವೆಯಾ ಅಂತ ತಿಳಿಯೋಕೆ ನೇರಳಾತೀತ ಚಿತ್ರ ಬೇಕು ಅಂದರೆ ನಮ್ಮದೇ ಆಸ್ಟ್ರೋಸ್ಯಾಟ್ ಇದೆ. ಅದರ ನೇರಳಾತೀತ ದೂರದರ್ಶಕ ತಯಾರಾದದ್ದು ಇಲ್ಲೇ ಹೊಸಕೋಟೆಯ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಲ್ಲಿ, ಅದರ ದತ್ತಾಂಶ ಕಾಯ್ದಿಟ್ಟಿರೋದು ಬ್ಯಾಲಾಳುವಿನಲ್ಲಿ. ಲ್ಯಾಪ್‌ಟಾಪ್ ಒಂದಿದ್ದರೆ ಸಾಕು, ಹಾಸ್ಟೆಲ್ ವೈಫೈ ಕೈಕೊಡದಿದ್ದರೆ ಇನ್ನೂ ಒಳ್ಳೆಯದು.

ಗೈಡ್ ಒಪ್ಪದಿದ್ದರೆ ಅವರಿಗೂ ಮೂರು ಅಂಕಿಯ ಕಥೆ ಹೇಳಿ: ಮಟ್ಟ, ಒಳಹರಿವು, ಹೊರಹರಿವು. ಕಾವೇರಿ ಸೀಮೆಯವರಾದರೆ ಬೇಗ ಅರ್ಥ ಮಾಡಿಕೊಳ್ತಾರೆ.